ರಾಜೀನಾಮೆ ನೀವಾಗಿ ಬರೆದುಕೊಡಬೇಡಿ

ನಿಮ್ಮ ಕಟ್ಟಡ ನಿರ್ಮಾಣ ಕಂಪನಿಯಲ್ಲಿ ಪುನರ್‌ರಚನೆ ಅಂತ ಪ್ಲಾನಿಂಗ್ ವಿಭಾಗದವರನ್ನು ತೆಗೀತಿದ್ದಾರೆ, ನಾನೇ ಮೊದಲು ರಾಜೀನಾಮೆ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನೀವಾಗಿ ಬಿಟ್ಟರೆ ಪರಿಹಾರ ಕೇಳುವ ಹಕ್ಕು ಸಾಮಾನ್ಯವಾಗಿ ಕೈತಪ್ಪುತ್ತದೆ. ಕಂಪನಿಯವರು ‘ಮರ್ಯಾದೆಯಿಂದ ಹೋಗಿ’ ಅಂತ ಹೇಳಿದರೆ, ಅದನ್ನೇ ಬರವಣಿಗೆಯಲ್ಲಿ ಕೊಡಿ ಅನ್ನಿ. ಆಗ ಅವರ ದನಿ ಸ್ವಲ್ಪ ಇಳಿಯುತ್ತೆ.

ಅದಕ್ಕಿಂತ ಮುಖ್ಯವಾಗಿ, ಕಂಪನಿಯ ಕೈಯಲ್ಲಿ ಕಾಸಿದೆಯಾ ನೋಡಿ. ನಮ್ಮ ಕಸುಬಿನಲ್ಲಿ ಲಾಭ ತೆಳು, ಕೈತುಂಬ ಕೆಲಸ ಇದ್ದೂ ಮುಳುಗಬಹುದು. ಬ್ರಿಟನ್ನಿನ ದೊಡ್ಡ ನಿರ್ಮಾಣ ಕಂಪನಿ ಕ್ಯಾರಿಲಿಯನ್ 2018ರ ಜನವರಿಯಲ್ಲಿ ಕುಸಿದಾಗ ಅದಕ್ಕೆ ಪ್ರಪಂಚದಾದ್ಯಂತ ಸುಮಾರು 43,000 ನೌಕರರಿದ್ದರು. ಕಟ್ಟುತ್ತಿದ್ದ ಎರಡು ದೊಡ್ಡ ಆಸ್ಪತ್ರೆಗಳು ಅರ್ಧಕ್ಕೇ ನಿಂತವು. ಉಪಗುತ್ತಿಗೆದಾರರಿಗೆ ಹಣ ಕೊಡಲು ಅದು 120 ದಿನದ ಗಡುವು ಇಟ್ಟುಕೊಂಡಿತ್ತು!

ನಿಮ್ಮಲ್ಲೂ ಸಿಮೆಂಟು, ಕಬ್ಬಿಣದವರ ಬಿಲ್ಲು ತಿಂಗಳುಗಟ್ಟಲೆ ಬಾಕಿ ಇದೆಯಾ? ಸ್ಟೋರ್ಸ್‌ನವರನ್ನು ಕೇಳಿ, ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತೆ. ಬಾಕಿ ಇದ್ದರೆ ಕೆಲಸದಲ್ಲಿದ್ದುಕೊಂಡೇ ಇವತ್ತಿನಿಂದಲೇ ಬೇರೆ ಕಡೆ ಅರ್ಜಿ ಹಾಕಿ. ಹೊಸ ಟೆಂಡರ್ ಸಿಗುತ್ತಿದ್ದರೆ ಚಾಲ್ತಿಯಲ್ಲಿರುವ ಸೈಟಿಗೆ ವರ್ಗ ಕೇಳಿ, ಜೊತೆಗೆ ಬಿಲ್ಲಿಂಗ್ ಕಲಿತುಕೊಳ್ಳಿ. ನಾನು ಒಂದು ಸಲ ಉಳಿದುಕೊಂಡದ್ದು ಅಳತೆ ಪುಸ್ತಕ, ಅಂದರೆ ಬಿಲ್ಲಿಗೆ ಆಧಾರವಾಗುವ ಮುಗಿದ ಕೆಲಸದ ಅಳತೆಯ ದಾಖಲೆ, ಬರೆಯಲು ಬರುತ್ತಿದ್ದುದರಿಂದಲೇ.