ಒಂದು ವರ್ಷ ಸಾಕ್ಷಿ ಹೇಳಬೇಡಿ

ಚಟದಿಂದ ಹೊರಬರಲು ಒದ್ದಾಡುತ್ತಿದ್ದ ಒಬ್ಬ ವಿಶ್ವಾಸಿಗೆ ನಾನು, ‘ಒಂದು ವರ್ಷ ಸಭೆಯಲ್ಲಿ ಸಾಕ್ಷಿ ಹೇಳಬೇಡಿ’ ಎಂದೆ, ಅಂದರೆ ದೇವರು ನನ್ನನ್ನು ಬದಲಿಸಿದರು ಎಂದು ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ಹೇಳುವುದು ಬೇಡ ಎಂದು. ಅವರ ಪಾಸ್ಟರ್‌ಗೆ ಇದು ಸರಿ ಕಾಣಲಿಲ್ಲ. ಫೋನ್ ಮಾಡಿ, ‘ಸಿಸ್ಟರ್, ನೀವು ಆತ್ಮನನ್ನು ನಂದಿಸ್ತಾ ಇದ್ದೀರಿ’ ಎಂದರು. ಪವಿತ್ರಾತ್ಮನ ಕೆಲಸಕ್ಕೆ ಅಡ್ಡ ಬರುತ್ತಿದ್ದೀರಿ ಎಂದರ್ಥ. ಕೋಪದ ಮಾತಲ್ಲ, ನೊಂದು ಹೇಳಿದ್ದು. ಅದಕ್ಕೇ ಉತ್ತರವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಮೊಬೈಲ್ ಜೂಜಿಗೆ ಬಿದ್ದ ಸಭೆಯ ಗಂಡಸರು ಈಗ ಸಲಹೆ ಕೇಳಲು ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಹೆಚ್ಚುಕಡಿಮೆ ಎಲ್ಲರೂ ಇದೇ ದಾರಿಯಲ್ಲಿ ಸುತ್ತುತ್ತಿರುತ್ತಾರೆ.

ಇವರನ್ನು ಜೀವನ್ ಎನ್ನೋಣ. ಹೆಸರು, ಕೆಲಸ, ಇನ್ನು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಹುಬ್ಬಳ್ಳಿ ಕಡೆಯವರು, ಮೂವತ್ತು ದಾಟಿದೆ, ಎರಡು ಮಕ್ಕಳು. ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ. ಲಾಕ್‌ಡೌನ್ ಸಮಯದಲ್ಲಿ ರಮ್ಮಿ ಶುರುವಾಯಿತು. ಆಮೇಲೆ ಸಾಲದ ಆ್ಯಪ್, ಚೀಟಿಯ ದುಡ್ಡು, ಹೆಂಡತಿಯ ಬಂಗಾರ. ಈ ಭಾಗ ಎಲ್ಲರಿಗೂ ಗೊತ್ತಿರುವುದೇ.

2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರದ ಕಾಯ್ದೆ ಬಂತು. ದೊಡ್ಡ ರಮ್ಮಿ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ‘ದೇವರೇ ಬಾಗಿಲು ಮುಚ್ಚಿದರು’ ಎಂದು ಜೀವನ್ ಸಭೆಯಲ್ಲಿ ಸಾಕ್ಷಿ ಹೇಳಿದರು. ಹಲ್ಲೆಲೂಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ದಿನಕ್ಕೆ ಯಾರೋ ಕಳಿಸಿದ ಲಿಂಕ್ ಹಿಡಿದು ಕ್ರಿಕೆಟ್ ಬೆಟ್ಟಿಂಗ್‌ಗೆ ಇಳಿದರು.

ಅದು ಅವರ ಮೊದಲ ಸಾಕ್ಷಿಯೇನೂ ಅಲ್ಲ. ಪ್ರತಿ ಸಲ ಉಪವಾಸ ಕೂಟ, ಕಣ್ಣೀರು, ಕೈಯಿಟ್ಟು ಪ್ರಾರ್ಥನೆ, ಸಾಕ್ಷಿ. ಮನೆಯಲ್ಲಿ ಒಂದಿಷ್ಟು ದಿನ ಶಾಂತಿ. ಮತ್ತೆ ಮೊಬೈಲ್. ಆ ಕಣ್ಣೀರು ನಾಟಕ ಎಂದು ನನಗೆ ಯಾವತ್ತೂ ಅನಿಸಿಲ್ಲ. ಜೂಜಾಡುವವರಲ್ಲಿ ನಿಜವಾಗಿ ಅಳುವವರೇ ಹೆಚ್ಚು.

ನಾನು ಹೇಳಬೇಕಿರುವುದು ಒಂದು ಮಧ್ಯಾಹ್ನದ ಮಾತುಕತೆ. ಆವತ್ತು ಹೆಂಡತಿಯೂ ಬಂದಿದ್ದರು. ಜೀವನ್ ಉತ್ಸಾಹದಲ್ಲಿದ್ದರು. ಮುಂದಿನ ತಿಂಗಳು ಮೂರು ದಿನದ ಉಜ್ಜೀವನ ಕೂಟ ಇದೆ, ರಜೆ ಹಾಕಿ ಹೋಗುತ್ತೇನೆ, ಈ ಸಲ ಪೂರ್ತಿ ಬಿಡುಗಡೆ ಸಿಗುತ್ತದೆ ಎಂದರು. ವಿಶೇಷ ಕಾಣಿಕೆ ಕೊಡುವುದಾಗಿ ಹರಕೆಯನ್ನೂ ಹೊತ್ತಿದ್ದರು. ದುಡ್ಡು ಎಲ್ಲಿಂದ ಎಂದು ಕೇಳಿದೆ. ಒಬ್ಬ ಗೆಳೆಯ ಕೈಗಡ ಕೊಡುತ್ತಾನಂತೆ. ದೇವರು ನೂರರಷ್ಟು ವಾಪಸ್ ಕೊಡುತ್ತಾರೆ, ಆಗ ಎಲ್ಲ ಸಾಲವೂ ತೀರುತ್ತದೆ ಎಂದರು.

ಅಲ್ಲಿವರೆಗೆ ಸುಮ್ನೆ ಕೂತಿದ್ದ ಹೆಂಡತಿ ನನ್ನ ಕಡೆ ನೋಡದೆ ಗಂಡನಿಗೇ ಹೇಳಿದರು: ‘ಆಡೂ ಮುಂದ ಒಂದ ಆಟದಾಗ ಎಲ್ಲಾ ಸರಿ ಆಗತೈತಿ ಅಂತಿದ್ರಿ. ಈಗ ಒಂದ ಕೂಟದಾಗ ಎಲ್ಲಾ ಸರಿ ಆಗತೈತಿ ಅಂತೀರಿ. ನನಗ ಎರಡೂ ಒಂದ ಅನಸ್ತಾವ.’

ಜೀವನ್ ಸಿಟ್ಟಾದರು. ‘ದೇವರ ಕೆಲಸಾನ ಜೂಜಿಗೆ ಹೋಲಸ್ತಿ ಏನ?’

‘ದೇವರಿಗೆ ಅಂದಿಲ್ಲರಿ ನಾ. ನಿಮಗ ಅಂದೀನಿ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಾಕ್ಷಿ ಹೇಳಿದ ಮೇಲಿನ ದಿನಗಳು ಮನೆಯಲ್ಲಿ ಹೇಗಿರುತ್ತವೆ ಎಂದು ನಾನು ಹೆಂಡತಿಯನ್ನು ಕೇಳಿದೆ. ಆಗ ಹೊರಬಂದ ವಿಷಯ ನನಗೂ ಹೊಸದು. ಆಗಸ್ಟ್‌ನ ಆ ಸಾಕ್ಷಿ ಕೇಳಿದ ಸಭೆಯ ಒಬ್ಬ ಅಜ್ಜಿ, ಹುಡುಗ ಬದಲಾಗಿದ್ದಾನೆ ಎಂದು ನಂಬಿ, ಮಕ್ಕಳ ಫೀಸಿಗೆ ಅಂತ ಜೀವನ್ ಕೇಳಿದ ದುಡ್ಡು ಕೊಟ್ಟಿದ್ದರು. ಅದೂ ಬೆಟ್ಟಿಂಗ್‌ಗೆ ಹೋಗಿತ್ತು. ಹೆಂಡತಿಗೆ ಗೊತ್ತಿಲ್ಲ ಎಂದುಕೊಂಡಿದ್ದರು ಜೀವನ್. ‘ಐತವಾರಕ್ಕೊಮ್ಮೆ ಆ ಅಜ್ಜಿ ನನ್ನ ಕೈ ಹಿಡಿದು, ನಿನ್ನ ಗಂಡ ಚಲೋ ಆದ ನೋಡವ್ವಾ ಅಂತಾರ. ನಾ ಏನಂತ ಹೇಳಲಿ?’ ಎಂದರು.

ನಾನು ಸಲಹೆ ಕೊಟ್ಟಿದ್ದು ಈ ಮಾತು ಕೇಳಿದ ಮೇಲೆ.

ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಹೋದ ದುಡ್ಡನ್ನು ವಾಪಸ್ ಪಡೆಯಲು ಮತ್ತೆ ಮತ್ತೆ ಆಡುವುದು ಈ ಚಟದ ದೊಡ್ಡ ಗುರುತು. ಇನ್ನೊಂದೇ ಒಂದು ಆಟ, ಕಳೆದದ್ದೆಲ್ಲ ಕೈಗೆ ಬರುತ್ತದೆ ಅನ್ನುವ ಆಸೆ. ಆ್ಯಪ್ ತೆಗೆದುಹಾಕಿದರೂ ಈ ಆಸೆ ಹೋಗುವುದಿಲ್ಲ. ಜೀವನ್ ಅದನ್ನು ಹೊತ್ತುಕೊಂಡೇ ಪ್ರಾರ್ಥನೆಗೂ ಬಂದಿದ್ದರು. ಅವರು ದೇವರಲ್ಲಿ ಬೇಡುತ್ತಿದ್ದದ್ದು ಒಂದು ದೊಡ್ಡ ಗೆಲುವು. ಆದರೆ ಅವರಿಗೆ ಬೇಕಾಗಿದ್ದದ್ದು ದಿನವೂ ಒಂದೇ ಥರ ಬದುಕುವ ಅಭ್ಯಾಸ. ಅದರಲ್ಲಿ ಯಾವ ಥ್ರಿಲ್ಲೂ ಇಲ್ಲ.

ಬೈಬಲಿನಲ್ಲಿ ಪೇತ್ರನ ಎರಡನೆಯ ಪತ್ರದ ಮೊದಲ ಅಧ್ಯಾಯ ತೆಗೆದು ಇಬ್ಬರ ಮುಂದೆ ಓದಿದೆ. ಮೂರನೆಯ ವಚನದಲ್ಲಿ, ಭಕ್ತಿಯ ಬದುಕಿಗೆ ಬೇಕಾದ್ದೆಲ್ಲ ದೇವರು ಕೊಟ್ಟಾಗಿದೆ ಎನ್ನುತ್ತಾನೆ ಪೇತ್ರ. ಐದನೆಯದರಲ್ಲಿ, ಅದಕ್ಕಾಗಿಯೇ ನೀವು ಪ್ರಯತ್ನಪಡಿ ಎನ್ನುತ್ತಾನೆ. ನಂಬಿಕೆಗೆ ಸದ್ಗುಣ, ಆಮೇಲೆ ಜ್ಞಾನ, ದಮೆ (ಆಸೆಗಳ ಮೇಲೆ ಹಿಡಿತ), ತಾಳ್ಮೆ, ಭಕ್ತಿ ಎಂದು ಒಂದಕ್ಕೊಂದು ಕೂಡಿಸುತ್ತಾ ಹೋಗಬೇಕು. ದಮೆಗೂ ಭಕ್ತಿಗೂ ನಡುವೆ ತಾಳ್ಮೆ ಕೂತಿದೆ. ಜೀವನ್ ಪ್ರತಿ ಸಲ ದಮೆಯಿಂದ ನೇರವಾಗಿ ಭಕ್ತಿಗೆ ಹಾರಲು ನೋಡುತ್ತಿದ್ದರು. ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ರಕ್ಷಣೆ ಅಂತ ಬೋಧಿಸುತ್ತಿದ್ದೀರಾ ಎಂದು ಪಾಸ್ಟರ್ ಆಮೇಲೆ ಕೇಳಿದರು. ಇಲ್ಲ. ರಕ್ಷಣೆ ಸಿಕ್ಕವನು ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅನ್ನುವುದು ನನ್ನ ಪ್ರಶ್ನೆ.

ಸಲಹೆ ಹೀಗಿತ್ತು. ಸಂಬಳ ಹೆಂಡತಿಯ ಖಾತೆಗೆ ಹೋಗಬೇಕು. ಜೀವನ್ ಮೊಬೈಲಿನಲ್ಲಿ ಯುಪಿಐ ಇರಬಾರದು, ಬಸ್ಸಿಗೆ ಚಹಾಕ್ಕೆ ಕೈಯಲ್ಲಿ ನಗದು ಸಾಕು. ಎಲ್ಲ ಸಾಲವನ್ನೂ, ಅಜ್ಜಿಯದ್ದನ್ನೂ ಸೇರಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ವೈದ್ಯರನ್ನು ಕಾಣಬೇಕು. ರಾತ್ರಿ ಹೊತ್ತು ಆಸೆ ತಡೆಯಲಾಗದಿದ್ದರೆ, ಇಲ್ಲಾ ಸಾಯುವ ಯೋಚನೆ ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ. ಸಾಲ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ ಎಂದೂ ತಿಳಿಸಿದೆ. ಇದು ಗೊತ್ತಿಲ್ಲದೆ ಹೆದರಿ ಮತ್ತೆ ಆಡಲು ಕೂತವರನ್ನು ನೋಡಿದ್ದೇನೆ.

ಪ್ರತಿದಿನ ಮನೆಯಲ್ಲಿ ಒಟ್ಟಿಗೆ ಪ್ರಾರ್ಥನೆ, ಭಾನುವಾರದ ಆರಾಧನೆ ತಪ್ಪಿಸಬಾರದು. ವಿಶೇಷ ಕೂಟ ಸದ್ಯಕ್ಕೆ ಬೇಡ. ಸಾಲ ಮಾಡಿ ಕಾಣಿಕೆ ಕೊಡಲೇಬಾರದು. ಒಂದು ವರ್ಷ ಸಾಕ್ಷಿ ಬೇಡ.

ಕೊನೆಯ ಸಾಲಿಗೇ ಗಲಾಟೆ. ಬೈಬಲಿನಲ್ಲಿ ಪೌಲ ಯೇಸುವನ್ನು ನಂಬಿದ ಮೇಲೆ ದಮಸ್ಕದಲ್ಲಿ ತಕ್ಷಣವೇ ಸಾರಲಿಲ್ಲವೇ, ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಹೆಂಗಸು ಕೊಡ ಬಿಟ್ಟು ಊರೊಳಗೆ ಓಡಲಿಲ್ಲವೇ ಎಂದು ಪಾಸ್ಟರ್ ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಅವರು ಸಾರಿದ್ದು ಯೇಸು ಯಾರು ಎಂಬುದನ್ನು. ‘ನನ್ನ ಚಟ ಹೋಯಿತು’ ಎಂದು ಮೈಕಿನಲ್ಲಿ ಹೇಳುವುದು ಬೇರೆ. ಅದು ದೇವರ ಬಗ್ಗೆ ಶುರುವಾಗಿ ನನ್ನ ಬಗ್ಗೆ ಮುಗಿಯುತ್ತದೆ. ಅದೇ ಪೌಲ ತಿಮೊಥೆಯನಿಗೆ ಬರೆಯುವಾಗ, ಸಭೆಯ ಸೇವಕರನ್ನು ಮೊದಲು ಪರೀಕ್ಷಿಸಬೇಕು, ಸಭೆಯ ಮೇಲ್ವಿಚಾರಕ ಹೊಸದಾಗಿ ನಂಬಿದವನಾಗಿರಬಾರದು ಎಂದಿದ್ದಾನೆ. ಸಾಕ್ಷಿಗೂ ಆ ಎಚ್ಚರ ಯಾಕೆ ಬೇಡ? ಬೈಬಲಿನ ಸುಂಕದವನು ಜಕ್ಕಾಯನ ಸಾಕ್ಷಿ ನನಗೆ ಇಷ್ಟ. ಅವನು ಎದ್ದು ನಿಂತು ಹೇಳಿದ್ದು ಲೆಕ್ಕ: ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು.

ಇನ್ನೊಂದು ಮಾತನ್ನೂ ಪಾಸ್ಟರ್‌ಗೆ ಹೇಳಿದೆ. ಚಪ್ಪಾಳೆ ಬಿದ್ದ ಮೇಲೆ ಮನುಷ್ಯನಿಗೆ ತಪ್ಪಿದ್ದನ್ನು ಹೇಳಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಮುಚ್ಚಿಡುತ್ತಾನೆ. ಮುಚ್ಚಿಡಲು ಸುಳ್ಳು, ಸುಳ್ಳಿಗೆ ದುಡ್ಡು. ಅಜ್ಜಿಯ ದುಡ್ಡು ಹೋದದ್ದು ಹಾಗೆಯೇ ಅಲ್ವಾ? ಅವರು ಒಪ್ಪಿದರು ಎನ್ನಲಾರೆ. ಅಜ್ಜಿಯ ವಿಷಯ ಕೇಳಿ ಸುಮ್ಮನಾದರು.

ಸಲಹೆಗೆ ಇನ್ನೊಂದು ಕಡೆಯಿಂದಲೂ ಅಡ್ಡಿ ಬಂತು. ಹೆಂಡತಿಯ ಅಣ್ಣ ಒಂದು ಪ್ಲಾಟ್ ಮಾರಿ ಭಾವನ ಸಾಲವೆಲ್ಲ ಒಮ್ಮೆಗೇ ತೀರಿಸಿಬಿಡುತ್ತೇನೆ ಎಂದರು. ಒಳ್ಳೆಯ ಮನಸ್ಸು. ಬೇಡ ಎಂದೆ. ಹಿಂದೊಮ್ಮೆ ಜೀವನ್ ಅಪ್ಪ ಹೀಗೇ ತೀರಿಸಿದ್ದರು. ಸಾಲ ಮುಗಿದ ಕೂಡಲೇ ಆ್ಯಪ್‌ಗಳು ಇನ್ನೂ ಹೆಚ್ಚು ಸಾಲ ಕೊಡಲು ಮುಂದೆ ಬಂದಿದ್ದವು. ಮನೆಯವರೇ ಒಮ್ಮೆಗೆ ತೀರಿಸಿದರೆ ಅದೂ ಜೀವನ್ ಕಾಯುತ್ತಿದ್ದ ದೊಡ್ಡ ಗೆಲುವೇ. ‘ನಿಮಗೆ ಕರುಣೆ ಇಲ್ಲ’ ಎಂದರು ಅಣ್ಣ. ಕೊನೆಗೆ ಬಡ್ಡಿ ಜಾಸ್ತಿ ಇದ್ದ ಒಂದು ಸಾಲ ಮಾತ್ರ ಅವರು ನೇರವಾಗಿ ಕಟ್ಟಲಿ, ಅದನ್ನು ಜೀವನ್ ತಿಂಗಳು ತಿಂಗಳು ವಾಪಸ್ ಕೊಡಲಿ ಎಂದು ಒಪ್ಪಂದವಾಯಿತು.

ಹೆಂಗಸರಿಗೆ ‘ತಾಳಿಕೋ ಅಮ್ಮಾ, ಪ್ರಾರ್ಥನೆ ಮಾಡು’ ಎಂದು ಹೇಳಿ ಕಳಿಸುವ ಹಿರಿಯರಿಗೆ ಒಂದು ಮಾತು. ಇಲ್ಲಿ ತಾಳ್ಮೆ ಕಲಿಯಬೇಕಾದವನು ಗಂಡ. ಬಂಗಾರ ಕಳೆದುಕೊಂಡವಳಿಗೆ ಆ ಪಾಠ ಬೇಡ, ಬ್ಯಾಂಕ್ ಖಾತೆ ಬೇಕು.

ಜೀವನ್ ಮತ್ತೆ ಬಿದ್ದರು. ಗೋಡೌನಿನ ಹುಡುಗನ ಮೊಬೈಲಿನಲ್ಲಿ ಒಂದು ಮ್ಯಾಚಿಗೆ ದುಡ್ಡು ಕಟ್ಟಿ ಸೋತರು. ಮೊದಲಾಗಿದ್ದರೆ ಮುಂದಿನ ಕೂಟದವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಸಲ ಅದೇ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದು ಹೆಂಡತಿಗೆ ತೋರಿಸಿದರು. ನನ್ನ ಬಳಿ ಬಂದಾಗ, ‘ಎಲ್ಲಾ ಹಾಳಾತು ಸಿಸ್ಟರ್, ಮತ್ತ ಮೊದಲಿಂದ ಶುರು’ ಎಂದರು. ಮೊದಲಿಂದ ಅಲ್ಲ, ಮುಚ್ಚಿಡದೆ ಹೇಳಿದ್ದೀರಿ, ಅಲ್ಲಿಂದ ಶುರು ಎಂದೆ.

ಅಜ್ಜಿಯ ದುಡ್ಡನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದಾರೆ. ಮೊದಲ ಕಂತು ಕೊಡುವಾಗ ನಡೆದದ್ದನ್ನು ಅವರೇ ಹೇಳಿಕೊಂಡರಂತೆ. ಅಜ್ಜಿ ಚೆನ್ನಾಗಿ ಬೈದರಂತೆ, ಆಮೇಲೆ ದುಡ್ಡು ಎಣಿಸಿ ತಗೊಂಡರಂತೆ. ಕ್ರಿಸ್ಮಸ್ ಹೊತ್ತಿಗೆ ಸಭೆಯಲ್ಲಿ ಎರಡು ಮಾತು ಹೇಳಬಹುದಾ ಎಂದು ಜೀವನ್ ನನ್ನನ್ನು ಕೇಳಿದರು. ಹೆಂಡತಿಯನ್ನು ಕೇಳಿ ಎಂದೆ. ‘ಸಾಲ ತೀರಲಿ. ಆಮ್ಯಾಲ ನೀವ್ಯಾಕ, ನಾನ ಎದ್ದು ಹೇಳತೀನಿ’ ಎಂದರಂತೆ ಅವರು.