ಫ್ಲೆಕ್ಸ್, ಲಗ್ನಪತ್ರಿಕೆ ಮಾಡುತ್ತಿರುವವರು ಡಿಸೈನ್ ಕೆಲಸಕ್ಕೆ ಪೋರ್ಟ್‌ಫೋಲಿಯೊ ಸಿದ್ಧಪಡಿಸುವುದು ಹೇಗೆ?

ನೀವು ತೀರ್ಥಹಳ್ಳಿಯವರು, ಶಿವಮೊಗ್ಗದ ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುತ್ತಿದ್ದೀರಿ. ಬೆಂಗಳೂರಿನ ಡಿಸೈನ್ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನೆಲ್ಲ ಮುಚ್ಚಿಟ್ಟು, ಆನ್‌ಲೈನ್ ಕೋರ್ಸಿನಲ್ಲಿ ಮಾಡಿದ ಆ್ಯಪ್ ವಿನ್ಯಾಸಗಳನ್ನಷ್ಟೇ ತೋರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಸಾಗರದವನು, ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಹೊಸಬರ ಅರ್ಜಿ ನೋಡುವ ಹೊಣೆಯೂ ನನ್ನ ಮೇಲಿದೆ. ಊಟ ತರಿಸುವ ಆ್ಯಪ್, ಹಾಡು ಕೇಳುವ ಆ್ಯಪ್ ಎಲ್ಲರಲ್ಲೂ ಇರುತ್ತವೆ, ಎಲ್ಲವೂ ಒಂದೇ ಅಚ್ಚಿನವು. ಗಿರಾಕಿ ಎದುರಿಗೇ ಕುಳಿತು, ಎರಡೂ ಕಡೆಯ ಹಿರಿಯರ ಹೆಸರೆಲ್ಲ ಒಂದೇ ಪುಟದಲ್ಲಿ ಬರಬೇಕೆಂದು ಹಟ ಹಿಡಿದಾಗ ನೀವೇನು ಮಾಡಿದಿರಿ? ನನಗೆ ಬೇಕಾಗಿರುವುದು ಅದು.

ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನಿಮ್ಮ ಕೆಲಸದ ಮಾದರಿಗಳನ್ನು ಜೋಡಿಸಿದ ಸಂಗ್ರಹದಲ್ಲಿ, ಒಂದೇ ಒಂದು ಲಗ್ನಪತ್ರಿಕೆಗೆ ನಾಲ್ಕು ಪುಟ ಕೊಡಿ. ಗಿರಾಕಿ ಕೈಯಲ್ಲಿ ಬರೆದು ತಂದ ಒಕ್ಕಣೆ, ನಿಮ್ಮ ಪೆನ್ಸಿಲ್ ಗೀಚು, ಬೇಡವೆನಿಸಿಕೊಂಡ ಮಾದರಿ, ಅಚ್ಚಾದ ಪತ್ರಿಕೆಯ ಫೋಟೊ ಎಲ್ಲವೂ ಬರಲಿ. ಕನ್ನಡ ಅಕ್ಷರ ಜೋಡಣೆಯನ್ನಂತೂ ದೊಡ್ಡದಾಗಿಯೇ ತೋರಿಸಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ನೀವು ಅದನ್ನು ಬಿಡಿಸಿದ ರೀತಿಯನ್ನು ಮೊದಲು, ನಂತರ ಎಂದು ಅಕ್ಕಪಕ್ಕದಲ್ಲಿಡಿ. ಇಂಗ್ಲಿಷ್ ಅಂದವಾಗಿ ಜೋಡಿಸುವವರು ಬೇಕಾದಷ್ಟು ಸಿಗುತ್ತಾರೆ. ಕನ್ನಡಕ್ಕೆ ನಾವು ಹುಡುಕಾಡಬೇಕು. ಪತ್ರಿಕೆಯಲ್ಲಿರುವ ಫೋನ್ ನಂಬರು, ವಿಳಾಸಗಳನ್ನು ಮಾತ್ರ ಅಳಿಸಿಬಿಡಿ, ಮುದ್ರಣಾಲಯದ ಮಾಲೀಕರನ್ನೂ ಒಂದು ಮಾತು ಕೇಳಿ.

ಹಸೆ ಚಿತ್ತಾರವನ್ನು ಬಳಸಿದ ಕೆಲಸವೂ ಇದೆ ಎಂದಿದ್ದೀರಿ. ಅದು ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆಯುವ ಗೆರೆ. ಅಂತರ್ಜಾಲದಿಂದ ಇಳಿಸಿಕೊಂಡು ಅಂಚಿಗೆ ಅಂಟಿಸಿದ್ದರೆ ಆ ಪುಟವನ್ನು ಕಿತ್ತುಹಾಕಿ. ಬರೆಯುವವರ ಮನೆಗೆ ಹೋಗಿ ನೋಡಿ ಕಲಿತದ್ದಾದರೆ, ಅವರ ಒಪ್ಪಿಗೆ ಪಡೆದು ಹೆಸರು ಹಾಕಿ.

ರೆಸ್ಯೂಮೆ ಒಂದೇ ಪುಟ. ‘ಫೋಟೊಶಾಪ್ 90%’ ಎಂದು ಕೌಶಲ ಅಳೆಯುವ ಪಟ್ಟಿ ಎಳೆಯಬೇಡಿ. ಉಳಿದ 10% ಏನೆಂದು ಕೇಳಿದರೆ ಏನು ಹೇಳುತ್ತೀರಿ? ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ) ಬಣ್ಣದಲ್ಲಿ, 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಅಂಚು) ಬಿಟ್ಟು, ಅಚ್ಚಿಗೆ ಹೋಗುವ ಕಡತವನ್ನು ನೀವೇ ಸಿದ್ಧಪಡಿಸುತ್ತೀರಿ ಎಂದು ಬರೆಯಿರಿ. ಆ್ಯಪ್, ಜಾಲತಾಣಗಳ ವಿನ್ಯಾಸಕ್ಕೆ ಬಳಸುವ ಫಿಗ್ಮಾ ತಂತ್ರಾಂಶವನ್ನು ಈಗಷ್ಟೇ ಕಲಿಯುತ್ತಿದ್ದರೆ ಹಾಗೆಯೇ ಹೇಳಿ.

ಪೋರ್ಟ್‌ಫೋಲಿಯೊದ ಪಿಡಿಎಫ್ ಹಗುರವಾಗಿರಲಿ. ಮಳೆಗಾಲದಲ್ಲಿ ನಿಮ್ಮೂರಿನ ಸಿಗ್ನಲ್ ಹೇಗಿರುತ್ತದೆಂದು ನಿಮಗೇ ಗೊತ್ತು, ಅದರಲ್ಲೇ ಗೆಳೆಯರ ಮೊಬೈಲಿನಲ್ಲಿ ತೆರೆದು ನೋಡಿ. ಇಮೇಲ್‌ನಲ್ಲಿ ಐದಾರು ಸಾಲು ಸಾಕು.

ಕೆಲವು ಕಡೆ ಪರೀಕ್ಷೆಗೆಂದು ಒಂದು ಕೆಲಸ ಕೊಡುತ್ತಾರೆ. ಅರ್ಧ ದಿನದಲ್ಲಿ ಮುಗಿಯುವುದಾದರೆ ಮಾಡಿ. ತಮ್ಮ ಗಿರಾಕಿಯ ಲೋಗೊವನ್ನೇ ಪುಕ್ಕಟೆ ಮಾಡಿಕೊಡಿ ಎಂದರೆ, ಸಂಭಾವನೆ ಎಷ್ಟು ಎಂದು ಮೊದಲೇ ಕೇಳಿ.