ನಾಲ್ಕು ಗಂಟೆಯ ನಿದ್ದೆ

ಸಮ್ಮೋಹನ ಚಿಕಿತ್ಸೆಯನ್ನೇ ವೃತ್ತಿಯಾಗಿಸಿಕೊಳ್ಳಲು ಹೊರಟಿರುವ ಬೆಂಗಳೂರಿನ ಓದುಗಿಯೊಬ್ಬರ ಏಳು ಪುಟಗಳ ಪತ್ರವನ್ನು ಈ ವಾರ ಸರದಿ ತಪ್ಪಿಸಿ ಮೊದಲು ಎತ್ತಿಕೊಂಡಿದ್ದೇನೆ. ಅದರ ಆರನೆಯ ಪುಟ ಓದಿದ ಮೇಲೆ ಬೇರೆ ಪತ್ರಗಳನ್ನು ಓದಲು ಮನಸ್ಸಾಗಲಿಲ್ಲ.

ನೀವು ಖಾಸಗಿ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿ ಹದಿನಾರು ವರ್ಷ ದುಡಿದು ಬೇಸತ್ತಿದ್ದೀರಿ. ವಾರಾಂತ್ಯದ ಶಿಬಿರಗಳಲ್ಲಿ ಹಿಪ್ನೋಥೆರಪಿ ಕಲಿತು ‘ಮಾಸ್ಟರ್’ ದರ್ಜೆಯ ಪ್ರಮಾಣಪತ್ರ ಪಡೆದಿದ್ದೀರಿ, ಜಯನಗರದಲ್ಲಿ ಬಾಡಿಗೆಗೆ ಕೋಣೆಯನ್ನೂ ನೋಡಿಟ್ಟಿದ್ದೀರಿ. ಪತಿಗೆ ಇದು ಸುತರಾಂ ಇಷ್ಟವಿಲ್ಲ. ರಾಜೀನಾಮೆ ಕೊಡಲೇ, ಫಲಕದ ಮೇಲೆ ಏನೆಂದು ಬರೆಸಲಿ, ಒಂದು ಸಿಟ್ಟಿಂಗಿಗೆ ಎಷ್ಟು ಶುಲ್ಕ ಇಡಲಿ ಎಂದು ಕೇಳಿದ್ದೀರಿ.

ಇನ್ನು ಆ ಆರನೆಯ ಪುಟ. ನಿಮ್ಮ ನಾದಿನಿಯ ಮಗಳು, ಕಾಲೇಜು ಓದುವ ಹುಡುಗಿ, ಎರಡು ವರ್ಷಗಳಿಂದ ಮನೋವೈದ್ಯರು ಬರೆದುಕೊಟ್ಟ ಲಿಥಿಯಂ ಮಾತ್ರೆ ನುಂಗುತ್ತಿದ್ದಳು. ನಿಮ್ಮ ಬಳಿ ಕೆಲವು ಸಿಟ್ಟಿಂಗ್ ಆದ ಮೇಲೆ ‘ಇನ್ನು ಇದರ ಅಗತ್ಯವಿಲ್ಲ ಅನ್ನಿಸುತ್ತಿದೆ ಅತ್ತೆ’ ಎಂದು ತಾನೇ ಬಿಟ್ಟಿದ್ದಾಳೆ. ಈಗ ಬಹಳ ಲವಲವಿಕೆಯಿಂದಿದ್ದಾಳೆ, ರಾತ್ರಿ ನಾಲ್ಕು ಗಂಟೆ ಮಲಗಿದರೂ ದಣಿವೆಂಬುದಿಲ್ಲ, ಒಂದೇ ವಾರದಲ್ಲಿ ಮೂರು ಆನ್‌ಲೈನ್ ಕೋರ್ಸುಗಳಿಗೆ ಹಣ ಕಟ್ಟಿದ್ದಾಳೆ ಎಂದು ಬರೆದು, ‘ನನ್ನ ಕೈಗುಣದ ಬಗ್ಗೆ ನನಗೇ ಧೈರ್ಯ ಬಂತು’ ಎಂದು ಮುಗಿಸಿ, ಮುಂದಿನ ಸಾಲಿನಲ್ಲೇ ಕೋಣೆಯ ಅಡ್ವಾನ್ಸಿನ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ.

ನಾನು ವೈದ್ಯಳಲ್ಲ, ಆ ಹುಡುಗಿಗೆ ಏನಾಗಿದೆಯೆಂದು ಇಲ್ಲಿ ಕುಳಿತು ಹೇಳಲಾರೆ. ಆದರೆ ಲಿಥಿಯಂ ಅನ್ನು ಮುಖ್ಯವಾಗಿ ಬೈಪೋಲಾರ್ ಕಾಯಿಲೆಗೆ (ಉನ್ಮಾದ, ಖಿನ್ನತೆಗಳ ನಡುವೆ ಮನಸ್ಸು ತೂಗಾಡುವ ಕಾಯಿಲೆ), ಕೆಲವೊಮ್ಮೆ ತೀವ್ರ ಖಿನ್ನತೆಗೂ ಕೊಡುತ್ತಾರೆ. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಪರೀಕ್ಷಿಸಬೇಕಾದಷ್ಟು ಸೂಕ್ಷ್ಮದ ಔಷಧಿ ಅದು. ಅದನ್ನು ಥಟ್ಟನೆ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು, ಆತ್ಮಹತ್ಯೆಯ ಅಪಾಯವೂ ಹೆಚ್ಚು. ಬೈಪೋಲಾರ್‌ನ ಉನ್ಮಾದದ ಹಂತ ಬಹಳ ಸಲ ಶುರುವಾಗುವುದು ನೀವು ಬಣ್ಣಿಸಿರುವ ಹಾಗೆಯೇ: ನಿದ್ದೆ ಕಡಿಮೆಯಾದರೂ ಆಯಾಸವಿಲ್ಲ, ಮಾತು ಹೆಚ್ಚು, ಖರ್ಚು ಹೆಚ್ಚು, ಮುಖದಲ್ಲಿ ಕಳೆ. ಮನೆಯವರಿಗೆ ‘ಗುಣವಾಯಿತು’ ಎಂದು ಕಾಣುವ ದಿನಗಳು ಅವು. ನಿಮ್ಮ ಪತ್ರ ತಲುಪಿದ ದಿನವೇ ಇಷ್ಟನ್ನು ನಿಮಗೆ ಬರೆದು ಕಳಿಸಿದ್ದೇನೆ; ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ. ಅವಳನ್ನು, ಅವಳ ತಾಯಿಯನ್ನು ಕರೆದುಕೊಂಡು ಅದೇ ಮನೋವೈದ್ಯರ ಬಳಿಗೆ ಇವತ್ತೇ ಹೋಗಿ. ಅವರು ಸಿಗದಿದ್ದರೆ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಹೋಗಿ. ಹೊರಡುವಷ್ಟರಲ್ಲಿ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತನಾಡುತ್ತಾರೆ. ಗಾಬರಿಯಾಗಿ ಹಳೆಯ ಮಾತ್ರೆಯನ್ನು ನೀವೇ ಮತ್ತೆ ನುಂಗಿಸಬೇಡಿ. ಬಿಟ್ಟ ಮೇಲೆ ಎಷ್ಟು ಪ್ರಮಾಣದಿಂದ ಶುರು ಮಾಡಬೇಕೆಂದು ವೈದ್ಯರೇ ಹೇಳಬೇಕು.

ನಿಮ್ಮ ಮೇಲೆ ನನಗೆ ಅಷ್ಟಾಗಿ ಕೋಪವಿಲ್ಲ. ಮಾತ್ರೆ ಬಿಡಲು ನೀವು ಹೇಳಿಲ್ಲ. ಕೋಪವಿರುವುದು ಶಿಬಿರಗಳಲ್ಲಿ ನಿಮಗೆ ಕಲಿಸಿದ ಆ ಗುರುಗಳ ಮೇಲೆ. ಪತ್ರದ ಜೊತೆ ಹೆಮ್ಮೆಯಿಂದ ಲಗತ್ತಿಸಿರುವ ಸಿಟ್ಟಿಂಗಿನ ಬರಹರೂಪವನ್ನೇ ನೋಡಿ. ಹುಡುಗಿ ‘ಕತ್ತಲೆ ಇದೆ’ ಎನ್ನುತ್ತಾಳೆ. ನೀವು ‘ಅಲ್ಲಿ ನೀರು ಇದೆಯಾ?’ ಎಂದು ಕೇಳುತ್ತೀರಿ. ತುಸು ಹೊತ್ತಿನ ನಂತರ ಅವಳು ‘ಹೌದು, ನೀರಿದೆ’ ಎನ್ನುತ್ತಾಳೆ. ಎರಡು ಪುಟ ದಾಟುವಷ್ಟರಲ್ಲಿ ಅವಳು ಹಿಂದಿನ ಜನ್ಮದಲ್ಲಿ ನದಿಯಲ್ಲಿ ಮುಳುಗಿ ಸತ್ತ ಹೆಂಗಸಾಗಿರುತ್ತಾಳೆ. ನೀರನ್ನು ತಂದವರು ನೀವು. ಸಮ್ಮೋಹನದಲ್ಲಿರುವ ಮನಸ್ಸು ಸೂಚನೆಗೆ ಬೇಗ ಒಲಿಯುತ್ತದೆ, ಚಿಕಿತ್ಸೆಯ ಬಲವೂ ಅದೇ. ಆ ಕಾರಣಕ್ಕೇ ಆಗ ‘ನೆನಪಾದದ್ದು’ ನಿಜವೆಂಬ ಭರವಸೆಯಿಲ್ಲ. ಹಾಗೆ ಹುಟ್ಟಿದ ನೆನಪನ್ನು ವ್ಯಕ್ತಿ ಮುಂದೆ ಜೀವಮಾನವಿಡೀ ಗಟ್ಟಿಯಾಗಿ ನಂಬಬಹುದು. ಗೋವಾ ಪ್ರವಾಸ ಮಾಡಿದವರು ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ, ಹೆಂಗಸೊಬ್ಬಳ ಮೇಲೆ ಕೈಚಾಚಿ ನಿಂತ ಪಾದ್ರಿಯ ಪ್ರತಿಮೆಯನ್ನು ನೋಡಿರುತ್ತೀರಿ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ, ಸಮ್ಮೋಹನ ವಿದ್ಯೆಯ ಆದ್ಯರಲ್ಲೊಬ್ಬನಾದ ಅಬೆ ಫಾರಿಯಾ ಆತ. ಶಕ್ತಿ ಸಮ್ಮೋಹಕನ ಕೈಯಿಂದ ಹರಿಯುವುದಿಲ್ಲ, ಎದುರು ಕೂತವರ ಮನಸ್ಸಿನಲ್ಲೇ ಏಳುತ್ತದೆ ಎಂದು ಎರಡು ಶತಮಾನಗಳ ಹಿಂದೆಯೇ ಪ್ಯಾರಿಸ್ಸಿನಲ್ಲಿ ಸಾರಿದ. ನಿಮಗೆ ‘ಕೈಗುಣ’ವೆಂಬ ಮಾತನ್ನು ಹೇಳಿಕೊಟ್ಟ ಗುರುಗಳು ಇದನ್ನು ಓದಿರಲಾರರು. ಆದರೆ ಒಬ್ಬ ಶಿಷ್ಯೆಯನ್ನು ಕರೆತಂದರೆ ಮುಂದಿನ ಹಂತದ ಶುಲ್ಕದಲ್ಲಿ ರಿಯಾಯಿತಿ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತದೆ. ಸಿಟ್ಟಿಂಗಿಗೆ ಮೊದಲು ‘ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳಬೇಕೆಂಬುದನ್ನೂ ಕಲಿಸದೆ ಪ್ರಮಾಣಪತ್ರ ಕೊಟ್ಟವರನ್ನು ಗುರು ಎನ್ನಲು ನನಗೆ ನಾಲಿಗೆ ಬಾರದು.

ಹಾಗೆಂದು ವಿದ್ಯೆಯೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಹಲ್ಲಿನ ಚಿಕಿತ್ಸೆಯ ಭಯ, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ, ನೋವು, ಒತ್ತಡಕ್ಕೆ ಕೆರಳುವ ಕರುಳಿನ ತೊಂದರೆ, ಇಂಥವುಗಳಲ್ಲಿ ಮುಖ್ಯ ಚಿಕಿತ್ಸೆಯ ಜೊತೆಗೆ ಅದು ನೆರವಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯವೂ 2003ರಲ್ಲಿ ಇದನ್ನು ಚಿಕಿತ್ಸಾ ವಿಧಾನವಾಗಿ ಒಪ್ಪಿಕೊಂಡಿತು, ಸೂಕ್ತ ತರಬೇತಿ ಪಡೆದವರು ಮಾತ್ರ ಮಾಡಬೇಕೆಂಬ ಮಾತಿನೊಂದಿಗೆ. ಗುರುಗಳ ಕರಪತ್ರ ಮೊದಲರ್ಧವನ್ನು ಮಾತ್ರ ಅಚ್ಚು ಹಾಕಿಸಿದೆ. ಅದೇ ಕರಪತ್ರದಲ್ಲಿರುವ ‘ಮಧುಮೇಹ, ಬೊಜ್ಜು, ಮೂರ್ಛೆರೋಗಕ್ಕೆ ಶಾಶ್ವತ ಪರಿಹಾರ’ ಎಂಬ ಸಾಲನ್ನು ನಿಮ್ಮ ಫಲಕಕ್ಕೆ ಇಳಿಸಿದಿರೋ, 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆಯಡಿ ಉತ್ತರ ಹೇಳಬೇಕಾದವರು ನೀವೇ.

ಈ ಅಂಕಣದಲ್ಲಿ ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ: ಇನ್ನೊಬ್ಬರ ಮನಸ್ಸಿಗೆ ಕೈಹಾಕುವವರ ಮೇಲೆ ‘ಹೀಗೇಕೆ ಮಾಡಿದೆ’ ಎಂದು ಕೇಳುವ ಹಿರಿಯರೊಬ್ಬರು ಇರಲೇಬೇಕು. ನಿಮ್ಮ ಯೋಜನೆಯಲ್ಲಿ ಕೋಣೆಯಿದೆ, ಒರಗು ಕುರ್ಚಿಯಿದೆ, ಆ ಹಿರಿಯರಿಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುವ ಮೊದಲು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ, ರೋಗಿಗಳ ನಡುವೆ, ಮೇಲಿನವರಿಂದ ತಿದ್ದಿಸಿಕೊಂಡು ಕಲಿಯುತ್ತಾರೆ. ನೀವು ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದವರು, ಸ್ನಾತಕೋತ್ತರ ಪದವಿಯಿಂದ ಆ ದಾರಿ ನಿಮಗೂ ತೆರೆದಿದೆ. ಅರ್ಹತಾ ಕೋರ್ಸುಗಳ ಸ್ವರೂಪ ಈಗ ಬದಲಾಗುತ್ತಿರುವುದರಿಂದ ಸೇರುವ ಮುನ್ನ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ನಲವತ್ತೊಂದು ವಯಸ್ಸು ಇದಕ್ಕೆ ತಡವೇನಲ್ಲ.

ಪತಿಯ ವಿಷಯಕ್ಕೆ ಹೆಚ್ಚು ಜಾಗ ಕೊಡಲಾರೆ. ‘ಜನ ಏನಂತಾರೆ’ ಎಂಬ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ, ‘ಗೃಹಸಾಲದ ಕಂತು ಯಾರು ಕಟ್ಟುತ್ತಾರೆ’ ಎಂಬುದಕ್ಕೆ ಮಾತ್ರ ಉತ್ತರ ಕೊಡಿ. ರಾಜೀನಾಮೆ ಬೇಡ. ಇನ್ನು ಶುಲ್ಕ: ಮುಂದಿನ ತಿಂಗಳಿಗೆ ಈಗಾಗಲೇ ಇಬ್ಬರಿಂದ ಮುಂಗಡ ಪಡೆದಿರುವುದಾಗಿ ಬರೆದಿದ್ದೀರಿ. ಅದನ್ನು ಈ ವಾರವೇ ಹಿಂದಿರುಗಿಸಿ. ಹಿಂದಿರುಗಿಸುವಾಗ ಅವರಿಬ್ಬರೂ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ನಿಮ್ಮನ್ನು ನಂಬಿ ಅದನ್ನು ಬಿಟ್ಟಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.